ಹಳೆಯ ಮ್ಯಾಕ್ಸಿ ಸ್ಕೂಟರ್ ಕೊಳ್ಳುವ ಮುನ್ನ: ಎಳೆತ ಕುಗ್ಗಿರುವುದು ಎಂಜಿನ್ನಿನಲ್ಲೋ, ಬೆಲ್ಟಿನಲ್ಲೋ?

ಸೆಕೆಂಡ್ ಹ್ಯಾಂಡ್ ಸ್ಕೂಟರ್ ನೋಡಲು ಹೋದವರು ಸಾಮಾನ್ಯವಾಗಿ ಗಾಡಿಯನ್ನು ನಿಂತಲ್ಲೇ ಎರಡು ಬಾರಿ ರೈಸ್ ಮಾಡುತ್ತಾರೆ, ಬೀದಿಯ ತುದಿಯವರೆಗೆ ಓಡಿಸಿಕೊಂಡು ಬರುತ್ತಾರೆ, ಪಿಕಪ್ ಪರವಾಗಿಲ್ಲ ಎಂದುಕೊಂಡು ಬೆಲೆಯ ಮಾತಿಗೆ ಕೂರುತ್ತಾರೆ. ಗೇರಿನ ಬೈಕಿಗೆ ಇಷ್ಟು ಪರೀಕ್ಷೆಯಿಂದ ಸ್ವಲ್ಪವಾದರೂ ಪ್ರಯೋಜನವಿದೆ. ಬೆಲ್ಟಿನ ಮೇಲೆ ಓಡುವ ಸ್ಕೂಟರಿಗೆ ಬಹುತೇಕ ಇಲ್ಲ. ಸ್ಕೂಟರಿನಲ್ಲಿ ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ನಡುವೆ ವೇರಿಯೇಟರ್ (ವೇಗಕ್ಕೆ ತಕ್ಕಂತೆ ತಾನಾಗಿಯೇ ಗೇರಿನ ಅನುಪಾತ ಬದಲಿಸುವ ಪುಲ್ಲಿ), ಬೆಲ್ಟ್ ಮತ್ತು ಕ್ಲಚ್ ಇದ್ದು, ಅವು ಸವೆದಾಗ ಒಳ್ಳೆಯ ಎಂಜಿನ್ ಕೂಡ ಸೋತಂತೆ ಕಾಣುತ್ತದೆ. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ಅಲ್ಲಿ ಸ್ವಲ್ಪ ಕೈಚಳಕ ತೋರಿಸಿದರೆ ಸೋತ ಎಂಜಿನ್ ಕೂಡ ಚುರುಕಾಗಿ ಕಾಣಬಲ್ಲದು. ಮೊದಲನೆಯದು ಕೆಲವು ಸಾವಿರ ರೂಪಾಯಿಯಲ್ಲಿ ಮುಗಿಯುವ ಕೆಲಸ. ಎರಡನೆಯದನ್ನು ಗುರುತಿಸದೆ ಕೊಂಡವರು ಎಂಜಿನ್ ಬಿಚ್ಚಿಸಬೇಕಾಗುತ್ತದೆ.

ಈ ಬರಹಕ್ಕೆ ಮ್ಯಾಕ್ಸಿ, ಅಂದರೆ ದೊಡ್ಡ ಮೈಕಟ್ಟಿನ ಸ್ಕೂಟರುಗಳಲ್ಲಿ ಒಂದಾದ ಯಮಹಾ ಏರಾಕ್ಸ್ 155 ಅನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. 2021ರಲ್ಲಿ ಭಾರತಕ್ಕೆ ಬಂದ ಈ ಗಾಡಿಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುತ್ತಿವೆ. ಇದರ 155 ಸಿಸಿಯ, ನೀರಿನಿಂದ ತಂಪಾಗುವ ಎಂಜಿನ್ 8,000 ಆರ್‌ಪಿಎಂನಲ್ಲಿ ಸುಮಾರು 15 ಪಿಎಸ್, ಅಂದರೆ 11 ಕಿಲೋವ್ಯಾಟ್ ಶಕ್ತಿಯನ್ನೂ 6,500 ಆರ್‌ಪಿಎಂನಲ್ಲಿ 13.9 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತದೆ ಎಂಬುದು ಕಂಪನಿಯ ಲೆಕ್ಕ. ಗಾಡಿಯ ತೂಕ 126 ಕೆಜಿ. ಸುಜುಕಿ ಬರ್ಗ್‌ಮನ್ ಸ್ಟ್ರೀಟ್, ಏಪ್ರಿಲಿಯಾ ಎಸ್‌ಎಕ್ಸ್‌ಆರ್ 160 ಮೊದಲಾದವುಗಳಿಗೂ ಪರೀಕ್ಷೆಯ ಕ್ರಮ ಇದೇ. ಆದರೆ ಅವೆರಡೂ ಗಾಳಿಯಿಂದ ತಂಪಾಗುವ ಎಂಜಿನ್‌ಗಳಾದ್ದರಿಂದ ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಕುರಿತು ಮುಂದೆ ಬರುವ ಮಾತು ಅವಕ್ಕೆ ಅನ್ವಯಿಸುವುದಿಲ್ಲ.

ಅಳತೆಗೆ ಇಳಿಯುವ ಮೊದಲು ಒಂದು ತಪ್ಪು ನಿರೀಕ್ಷೆಯನ್ನು ಬಿಡಬೇಕು. 15 ಪಿಎಸ್ ಎಂಬುದು ಕ್ರ್ಯಾಂಕ್‌ಶಾಫ್ಟ್‌ನ ಲೆಕ್ಕವೇ ಹೊರತು ಚಕ್ರದ ಲೆಕ್ಕವಲ್ಲ. ಬೆಲ್ಟು, ಕ್ಲಚ್ಚು, ಹಿಂದಿನ ಗೇರುಗಳು ತಮ್ಮ ಪಾಲನ್ನು ತಿಂದ ಮೇಲೆ ಚಕ್ರಕ್ಕೆ ತಲುಪುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಇದರ ಜೊತೆಗೆ ಊರಿನ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು 10 ಶೇಕಡಾ ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಪೆಟ್ರೋಲನ್ನು ಹೊಂದಿಸಿಕೊಳ್ಳಬಲ್ಲದು, ಇಲ್ಲದ ಗಾಳಿಯನ್ನು ತರಲಾರದು. ಮಂಗಳೂರಿನಲ್ಲಿ ಸ್ನೇಹಿತರ ಏರಾಕ್ಸ್ ಓಡಿಸಿ ಬಂದು ಬೆಂಗಳೂರಿನಲ್ಲಿ ಇನ್ನೊಂದನ್ನು ನೋಡಿದವರಿಗೆ ಇದು ಸ್ವಲ್ಪ ಮಂದ ಎನಿಸಿದರೆ, ಅಷ್ಟರ ಮಟ್ಟಿಗೆ ಅದು ದೋಷವಲ್ಲ.

ತಣ್ಣಗಿರುವಾಗಲೇ ನೋಡಬೇಕಾದವು

ನೀವು ಬರುವ ಹೊತ್ತಿಗೆ ಎಂಜಿನ್ ಬಿಸಿಯಾಗಿರಬಾರದು ಎಂದು ಮಾರುವವರಿಗೆ ಹಿಂದಿನ ದಿನವೇ ತಿಳಿಸಿಡಿ. ಹೋದ ಕೂಡಲೇ ಎಂಜಿನ್ ಕವಚವನ್ನು ಅಂಗೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏಕೆ ಎಂದು ಕೇಳಿ. ತಣ್ಣನೆಯ ಸ್ಟಾರ್ಟಿಂಗ್ ತೊಂದರೆ, ಮೊದಲ ಕೆಲವು ಸೆಕೆಂಡುಗಳ ನೀಲಿ ಹೊಗೆ, ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸದ್ದು, ಇವೆಲ್ಲ ಬಿಸಿಯಾದ ಮೇಲೆ ಅಡಗಿಬಿಡುವಂಥವು.

ಕೀ ತಿರುಗಿಸಿದಾಗ ಮೀಟರಿನಲ್ಲಿ ಎಂಜಿನ್ ಚೆಕ್ ದೀಪ ಹೊತ್ತಿಕೊಳ್ಳಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತಿಕೊಳ್ಳದಿರುವುದು, ಆರದಿರುವಷ್ಟೇ ಕೆಟ್ಟ ಸೂಚನೆ. ಸ್ಕ್ಯಾನರ್ ಇರುವ ಮೆಕ್ಯಾನಿಕ್ ಜೊತೆಗೆ ಬಂದಿದ್ದರೆ ದೋಷ ತಿಳಿಸುವ ಕೋಡ್‌ಗಳನ್ನು ಓದಿಸಿ. ಆದರೆ ಕೋಡ್ ಇಲ್ಲವೆಂದು ನೆಮ್ಮದಿಪಡಬೇಡಿ, ಏಕೆಂದರೆ ಅದನ್ನು ಬೆಳಿಗ್ಗೆಯೇ ಅಳಿಸಿರಬಹುದು. ಓಡಿಸಿ ಬಂದ ಮೇಲೆ ಇನ್ನೊಮ್ಮೆ ಓದಿಸುವುದೇ ಸರಿಯಾದ ಕ್ರಮ.

ಕೂಲೆಂಟನ್ನು ನೋಡುವುದೂ ತಣ್ಣಗಿರುವಾಗಲೇ. ಬಣ್ಣವಿಲ್ಲದ ಬರೀ ನೀರು ಕಂಡರೆ ಯಾರೋ ಅಂಗಡಿಯ ಕೂಲೆಂಟಿನ ಬದಲು ನಲ್ಲಿ ನೀರು ತುಂಬಿದ್ದಾರೆ ಎಂದರ್ಥ. ಮೇಲೆ ಎಣ್ಣೆಯ ಪಸೆ ಇದ್ದರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಅನುಮಾನ ಪಡಬೇಕು. ಏರಾಕ್ಸಿನ ರೇಡಿಯೇಟರ್ ಎಂಜಿನ್ನಿನ ಬಲಪಕ್ಕದಲ್ಲಿ, ಕೆಸರು ಸಿಡಿಯುವ ಎತ್ತರದಲ್ಲೇ ಇರುವುದರಿಂದ, ಅದರ ರೆಕ್ಕೆಗಳ ನಡುವೆ ಮಣ್ಣು ಕಟ್ಟಿದೆಯೇ ಎಂಬುದನ್ನು ಟಾರ್ಚ್ ಹಿಡಿದು ನೋಡುವುದು ಒಳ್ಳೆಯದು. ಬಿಸಿ ಏರಿ ಏರಿ ಸೊರಗಿದ ಎಂಜಿನ್ನಿನ ಕಥೆ ಎಷ್ಟೋ ಬಾರಿ ಅಲ್ಲಿಂದಲೇ ಶುರುವಾಗಿರುತ್ತದೆ.

ಟೈರಿನ ಗಾಳಿ, ಬ್ರೇಕಿನ ಹಿಡಿತ ಇವು ಸಣ್ಣ ವಿಷಯಗಳಾದರೂ ಇವನ್ನು ಸರಿಪಡಿಸದೆ ಮುಂದಿನ ಅಳತೆಗೆ ಅರ್ಥವಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಇರುವಾಗ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಗೇರ್ ಎಣ್ಣೆಯ ಅಲ್ಪ ಬಿಗಿ ಇರುತ್ತದೆ, ಅದಕ್ಕಿಂತ ಹೆಚ್ಚಿನ ಉಜ್ಜಾಟ ಇರಬಾರದು. ಒಮ್ಮೆ ನಾನು ನೋಡಲು ಹೋದ ಗಾಡಿಯೊಂದನ್ನು ಅದರ ಮಾಲೀಕರು ಎಂಜಿನ್ ವೀಕ್ ಎಂದು ತಾವೇ ಒಪ್ಪಿಕೊಂಡು ಬೆಲೆ ಇಳಿಸಿ ಇಟ್ಟಿದ್ದರು. ಹಿಂದಿನ ಡ್ರಮ್ ಬ್ರೇಕಿನ ಕೇಬಲ್ ತುಕ್ಕು ಹಿಡಿದು ಪೂರ್ತಿ ಬಿಡುತ್ತಿರಲಿಲ್ಲ, ಅಷ್ಟೇ. ಇಂಥ ಅದೃಷ್ಟ ಪದೇಪದೇ ಸಿಗುವುದಿಲ್ಲ.

ಆರ್‌ಪಿಎಂ ಮತ್ತು ವೇಗವನ್ನು ಒಟ್ಟಿಗೆ ಓದುವುದು

ಇಡೀ ಪರೀಕ್ಷೆಯ ತಿರುಳು ಇಲ್ಲಿದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟು ಹೊರಟಾಗ ಆರೋಗ್ಯವಂತ ಸ್ಕೂಟರಿನಲ್ಲಿ ನಡೆಯುವುದು ಇಷ್ಟು: ಮೊದಲು ಆರ್‌ಪಿಎಂ ಏರುತ್ತದೆ, ಕ್ಲಚ್ ಹಿಡಿಯುತ್ತದೆ, ಅನಂತರ ಆರ್‌ಪಿಎಂ ಒಂದು ಮಟ್ಟದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿ ನಿಂತುಬಿಡುತ್ತದೆ, ವೇಗ ಮಾತ್ರ ಏರುತ್ತಾ ಹೋಗುತ್ತದೆ, ವೇರಿಯೇಟರ್ ಪೂರ್ತಿ ಮುಚ್ಚಿಕೊಂಡ ಮೇಲೆ ಎರಡೂ ಜೊತೆಜೊತೆಯಾಗಿ ಏರುತ್ತವೆ. ನಡುವಿನ ಆ ಸ್ಥಿರವಾದ ಮಟ್ಟವನ್ನು ನಿರ್ಧರಿಸುವುದು ಎಂಜಿನ್ನಿನ ಶಕ್ತಿಗಿಂತ ಹೆಚ್ಚಾಗಿ ರೋಲರುಗಳ (ತಿರುಗುವಾಗ ಹೊರಕ್ಕೆ ಸರಿದು ವೇರಿಯೇಟರನ್ನು ಮುಚ್ಚಿಸುವ ಸಣ್ಣ ಉರುಳೆಗಳ) ತೂಕ ಮತ್ತು ಹಿಂದಿನ ಪುಲ್ಲಿಯ ಸ್ಪ್ರಿಂಗಿನ ಬಿಗಿ. ಕಂಪನಿಯ ರೋಲರ್ ಇರುವ ಗಾಡಿಯಲ್ಲಿ ಆ ಮಟ್ಟ ಗರಿಷ್ಠ ಟಾರ್ಕಿನ 6,500ಕ್ಕೂ ಗರಿಷ್ಠ ಶಕ್ತಿಯ 8,000ಕ್ಕೂ ನಡುವೆ ಎಲ್ಲೋ ಇರಬೇಕೆಂದು ನಿರೀಕ್ಷಿಸಬಹುದು.

ಏರಾಕ್ಸಿನ ಮೀಟರಿನಲ್ಲೇ ಆರ್‌ಪಿಎಂ ಕಾಣಿಸುವುದರಿಂದ ಫೋನನ್ನು ಹ್ಯಾಂಡಲಿಗೆ ಬಿಗಿಯಾಗಿ ಕಟ್ಟಿ ಮೀಟರಿನ ವಿಡಿಯೋ ಮಾಡಿಕೊಂಡರೆ ಸಾಕು. ಓಡಿಸುವಾಗ ರಸ್ತೆ ನೋಡಿ, ಮೀಟರನ್ನು ಮನೆಗೆ ಬಂದು ನೋಡಿ. ಬರ್ಗ್‌ಮನ್‌ನಂಥ, ಆರ್‌ಪಿಎಂ ತೋರಿಸದ ಗಾಡಿಯಲ್ಲಿ ಸ್ಕ್ಯಾನರಿನ ಲೈವ್ ಡೇಟಾ ಅಥವಾ ಪಳಗಿದ ಕಿವಿಯೇ ಗತಿ. ಖಾಲಿಯಾದ, ಸಮತಟ್ಟಾದ ನೇರ ರಸ್ತೆಯನ್ನು ಆರಿಸಿಕೊಂಡು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ನಿಂತ ಸ್ಥಿತಿಯಿಂದ ಪೂರ್ತಿ ಆಕ್ಸಿಲರೇಟರ್ ಕೊಟ್ಟು 65ರವರೆಗೆ ಹೋಗಿ, ಎರಡೂ ದಿಕ್ಕಿನಲ್ಲಿ ಎರಡೆರಡು ಸಲ ಓಡಿಸಿ. ಒಂದೇ ದಿಕ್ಕಿನ ಅಳತೆಯಲ್ಲಿ ಗಾಳಿ ಮತ್ತು ಇಳಿಜಾರು ಮೋಸ ಮಾಡುತ್ತವೆ.

ವಿಡಿಯೋದಲ್ಲಿ 30ರಿಂದ 60 ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಎಂಬುದನ್ನು ಎಣಿಸಿ. ಇದಕ್ಕೆ ಒಂದು ಸಣ್ಣ ಲೆಕ್ಕವಿದೆ. ಸವಾರನೂ ಸೇರಿ 200 ಕೆಜಿ ತೂಗುವ ಗಾಡಿಯನ್ನು 30ರಿಂದ 60ಕ್ಕೆ ಏರಿಸಲು ಸುಮಾರು 21 ಕಿಲೋಜೂಲ್ ಶಕ್ತಿ ಬೇಕು. ಆ ವೇಗದಲ್ಲಿ ಗಾಳಿ ಮತ್ತು ಟೈರಿನ ತಡೆಗೆ ಸರಾಸರಿ 1 ಕಿಲೋವ್ಯಾಟ್ ಹೋಗುತ್ತದೆ. ಬೆಂಗಳೂರಿನ ಎತ್ತರ, ಬೆಲ್ಟಿನ ನಷ್ಟ ಇವನ್ನು ಕಳೆದು ಚಕ್ರಕ್ಕೆ ಸುಮಾರು 7 ಕಿಲೋವ್ಯಾಟ್ ಸಿಗುತ್ತದೆ ಎಂದಿಟ್ಟುಕೊಂಡರೆ, ಮೂರೂವರೆ ಸೆಕೆಂಡಿನ ಆಸುಪಾಸು ಬರಬೇಕು. ನಾಲ್ಕೂವರೆ ಸೆಕೆಂಡ್ ಹಿಡಿಯುತ್ತಿದೆ ಎಂದರೆ ಚಕ್ರದ ಶಕ್ತಿಯಲ್ಲಿ ಐದನೆಯ ಒಂದು ಭಾಗ ಎಲ್ಲೋ ಸೋರಿಹೋಗುತ್ತಿದೆ. ಸ್ಪೀಡೋಮೀಟರ್ ನಿಜಕ್ಕಿಂತ ಕೊಂಚ ಹೆಚ್ಚು ತೋರಿಸುವುದು ವಾಡಿಕೆಯಾದ್ದರಿಂದ ಇದು ಡೈನೋ (ಶಕ್ತಿ ಅಳೆಯುವ ಯಂತ್ರ) ಅಳತೆಗೆ ಸಮನಲ್ಲ, ಅಂದಾಜು. ಆದರೆ ಕೈಯ ಅಂದಾಜಿಗಿಂತ ಎಷ್ಟೋ ಮೇಲು. ಅದೇ ರಸ್ತೆಯಲ್ಲಿ, ಅದೇ ಸವಾರ ಎರಡು ಗಾಡಿಗಳನ್ನು ಹೋಲಿಸುವಾಗಲಂತೂ ಸಾಕಷ್ಟು ನಂಬಬಹುದು.

ಸೆಕೆಂಡುಗಳು ಹೆಚ್ಚಾಗಿವೆ ಎಂದಾದರೆ ಆಗ ಆರ್‌ಪಿಎಂ ಕಡೆಗೆ ತಿರುಗಬೇಕು.

ಆರ್‌ಪಿಎಂ ಜಿಗಿಯುತ್ತದೆ, ವೇಗ ಹಿಂದುಳಿಯುತ್ತದೆ

ಎಂಜಿನ್ ಕಿರುಚುತ್ತಿದ್ದು ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಎಂಜಿನ್ನಿನ ಮೇಲೆ ಸಂಶಯ ಬೇಡ. ಶಕ್ತಿ ಹುಟ್ಟುತ್ತಿದೆ, ತಲುಪುತ್ತಿಲ್ಲ. ಹೊರಡುವಾಗ ಮತ್ತು ಏರಿನಲ್ಲಿ ಮಾತ್ರ ಹೀಗಾಗಿ, ಸುಟ್ಟ ವಾಸನೆ ಬಂದು, ವೇಗ ಹಿಡಿದ ಮೇಲೆ ಸರಿಹೋಗುವುದಾದರೆ ಕ್ಲಚ್ ಶೂ ಸವೆದಿದೆ ಅಥವಾ ಬೆಲ್ (ಶೂ ಹಿಡಿದುಕೊಳ್ಳುವ ಬಟ್ಟಲು) ಜೊತೆ ಉಜ್ಜಿ ಗಾಜಿನಂತೆ ನುಣುಪಾಗಿದೆ. ನಗರದ ಟ್ರಾಫಿಕ್ಕಿನಲ್ಲಿ ಇಂಚಿಂಚು ಸರಿದ ಗಾಡಿಗಳಲ್ಲಿ ಇದು ಸಾಮಾನ್ಯ. ಮಧ್ಯದ ವೇಗದಲ್ಲಿ ಆರ್‌ಪಿಎಂ ಒಮ್ಮೆಲೇ ಜಿಗಿದು ಮತ್ತೆ ಇಳಿದರೆ ಬೆಲ್ಟ್ ಜಾರುತ್ತಿದೆ. ಸವೆತವಿರಬಹುದು, ಸೀಲ್ ಸೋರಿ ಪುಲ್ಲಿಗೆ ಎಣ್ಣೆ ತಾಗಿರಬಹುದು, ಅಥವಾ ಮಳೆಗಾಲದಲ್ಲಿ ನೀರು ತುಂಬಿದ ಅಂಡರ್‌ಪಾಸ್ ದಾಟಿಸಿ ಬೆಲ್ಟ್ ಕೇಸಿಗೆ ನೀರು ಹೋಗಿರಬಹುದು. ಕೊನೆಯದರ ಗುರುತು ಪುಲ್ಲಿಯ ಮುಖದ ಮೇಲಿನ ತುಕ್ಕಿನ ಕಲೆ. ಅದು ಕಂಡರೆ ಗೇರ್ ಎಣ್ಣೆಯನ್ನೂ ನೋಡಿ, ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಅಲ್ಲಿಗೂ ಮುಟ್ಟಿದೆ. ಏರ್ ಫಿಲ್ಟರ್ ಮೂಲಕ ಸಿಲಿಂಡರಿಗೂ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಾಗಿರುವ ಸಾಧ್ಯತೆಯನ್ನು ಆಗ ತಳ್ಳಿಹಾಕುವಂತಿಲ್ಲ.

ಮೂರನೆಯ ಕಾರಣ ಹಗುರ ರೋಲರ್. ಇಲ್ಲಿ ವಾಸನೆ ಇರುವುದಿಲ್ಲ, ಜಿಗಿತ ಇರುವುದಿಲ್ಲ. ಆರ್‌ಪಿಎಂ ಸ್ಥಿರವಾಗಿಯೇ ನಿಲ್ಲುತ್ತದೆ, ಆದರೆ ಬೇಕಾದ್ದಕ್ಕಿಂತ ಮೇಲಿನ ಮಟ್ಟದಲ್ಲಿ ನಿಲ್ಲುತ್ತದೆ. ಮೊದಲು ಹೇಳಿದ ಕೈಚಳಕ ಇದೇ. ಹಗುರ ರೋಲರ್ ಹಾಕಿದ ಗಾಡಿ ಸಿಗ್ನಲಿನಿಂದ ಬಾಣದಂತೆ ಹೊರಡುವುದರಿಂದ ಬೀದಿಯ ತುದಿಯವರೆಗಿನ ಪರೀಕ್ಷೆಯಲ್ಲಿ ಯಾರನ್ನಾದರೂ ಮೆಚ್ಚಿಸುತ್ತದೆ. ಅದೇ ಗಾಡಿ 70 ದಾಟಿದ ಮೇಲೆ ಗದ್ದಲ ಹೆಚ್ಚಿ, ಮೈಲೇಜ್ ಕುಸಿದು, ಎಂಜಿನ್ನಿನ ನಿಜವಾದ ಬಲವನ್ನು ಹೊರಗೆಡಹುತ್ತದೆ. ರೋಲರ್ ಬದಲಿಸುವುದು ತಪ್ಪಲ್ಲ, ಎಷ್ಟೋ ಹುಡುಗರು ಖುಷಿಗೆ ಹಾಕಿಸಿಕೊಳ್ಳುತ್ತಾರೆ. ಆದರೆ ಕಂಪನಿಯ ರೋಲರ್ ಹಾಕಿಸಿ ತೋರಿಸಿ ಎಂದಾಗ ಮಾರುವವರು ಹಿಂದೇಟು ಹಾಕಿದರೆ ಅದೂ ಒಂದು ಉತ್ತರವೇ.

ಒಂದು ನಿರ್ದಿಷ್ಟ ವೇಗದಲ್ಲಿ ಗಾಡಿ ಪ್ರತಿ ಸಲವೂ ಅಳುಕಿ ಮುಂದುವರಿದರೆ ರೋಲರಿನ ಒಂದು ಮಗ್ಗುಲು ಚಪ್ಪಟೆಯಾಗಿ ಸವೆದು ಅಲ್ಲಿಯೇ ಸಿಕ್ಕಿಕೊಳ್ಳುತ್ತಿದೆ ಎಂದು ತಿಳಿಯಿರಿ. ಬೆಲ್ಟ್ ಸವೆದು ಅಗಲ ಕಡಿಮೆಯಾದಾಗಲಂತೂ ಆರಂಭದ ಎಳೆತಕ್ಕಿಂತ ಕೊನೆಯ ವೇಗ ಬೇಗ ಕುಗ್ಗುತ್ತದೆ, ಏಕೆಂದರೆ ಪುಲ್ಲಿ ಪೂರ್ತಿ ಮುಚ್ಚಿಕೊಂಡರೂ ಕಿರಿದಾದ ಬೆಲ್ಟ್ ಅಂಚಿನವರೆಗೆ ಏರಲಾರದು. ಏರಾಕ್ಸಿನ ಮೀಟರಿನಲ್ಲಿ ಬೆಲ್ಟ್ ಬದಲಾವಣೆಯನ್ನು ನೆನಪಿಸುವ ಸೂಚನೆ ಇದೆ. ಅದನ್ನು ಬೆಲ್ಟ್ ಬದಲಿಸದೆಯೂ ಶೂನ್ಯಕ್ಕೆ ತರಬಹುದಾದ್ದರಿಂದ ಬಿಲ್ ಕೇಳಿ, ಇಲ್ಲವೇ ಎಡಗಡೆಯ ಕವರ್ ಬಿಚ್ಚಿಸಿ ಅಗಲ ಅಳೆಯಿಸಿ.

ಆರ್‌ಪಿಎಂ ಸರಿಯಿದೆ, ಗಾಡಿ ಏಳುವುದಿಲ್ಲ

ಆರ್‌ಪಿಎಂ ತನ್ನ ಮಟ್ಟದಲ್ಲಿ ಶಾಂತವಾಗಿ ನಿಂತಿದ್ದು, ಜಾರಿಕೆಯ ಲಕ್ಷಣವೇನೂ ಇಲ್ಲದೆ ವೇಗ ಮಾತ್ರ ಸೋಮಾರಿಯಾಗಿ ಏರುತ್ತಿದ್ದರೆ, ಬ್ರೇಕ್ ಹಿಡಿತವನ್ನು ಮೊದಲೇ ತಳ್ಳಿಹಾಕಿದ್ದೀರಿ ಎಂದಾದರೆ, ಆಗ ಎಂಜಿನ್ನಿಗೆ ಕೈಹಾಕುವ ಸಮಯ. ಆರಂಭದಲ್ಲಿ ಮಾತ್ರ ನಿದ್ದೆಗಣ್ಣು, ಆರ್‌ಪಿಎಂ ಕೂಡ ಕಡಿಮೆ, ಮುಂದೆ ಹೋದಂತೆ ಸರಿ ಎಂದಾದರೆ ರೋಲರ್ ಭಾರವಾಗಿದೆ ಅಥವಾ ಹಿಂದಿನ ಸ್ಪ್ರಿಂಗ್ ಸೋತಿದೆ, ಅದು ಇಲ್ಲಿನ ಮಾತಲ್ಲ. ಎಂಜಿನ್ ದೌರ್ಬಲ್ಯ ವೇಗ ಹೆಚ್ಚಿದಂತೆ, ಏರು ಬಂದಂತೆ ಹೆಚ್ಚು ಕಾಣುತ್ತದೆ. ಆದ್ದರಿಂದಲೇ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಫ್ಲೈಓವರಿನ ಏರಿನಲ್ಲಿ ಒಮ್ಮೆ ಓಡಿಸಬೇಕು. ಇಬ್ಬರು ಕುಳಿತ 270 ಕೆಜಿಯ ಗಾಡಿ 5 ಶೇಕಡಾ ಏರನ್ನು 40ರ ವೇಗದಲ್ಲಿ ಹತ್ತಲು, ಬರೀ ಏರಿಗೇ ಸುಮಾರು ಒಂದೂವರೆ ಕಿಲೋವ್ಯಾಟ್ ಬೇಕು. ಅದು ಆರೋಗ್ಯವಾದ 155 ಸಿಸಿಗೆ ಲೆಕ್ಕಕ್ಕೇ ಬಾರದ ಹೊರೆ, ಅಲ್ಲಿ ಏದುಸಿರು ಬಂದರೆ ಕಾರಣ ಹುಡುಕಲೇಬೇಕು.

ಅಗ್ಗದ ಕಾರಣಗಳಿಂದ ಆರಂಭಿಸುವುದು ಜಾಣತನ. ಏರ್ ಫಿಲ್ಟರ್ ಧೂಳು ತುಂಬಿ ಕಪ್ಪಾಗಿದೆಯೇ ನೋಡಿ; ಎಣ್ಣೆ ಸವರಿದ ಕಾಗದದ ಫಿಲ್ಟರನ್ನು ಗಾಳಿ ಹೊಡೆದು ಮತ್ತೆ ಹಾಕಿರುವುದೂ ದೋಷವೇ, ಅದನ್ನು ಬದಲಿಸಬೇಕೇ ಹೊರತು ತೊಳೆಯುವಂತಿಲ್ಲ. ಪ್ಲಗ್ ಬಿಚ್ಚಿಸಿ ತುದಿಯ ಬಣ್ಣ ನೋಡಿ. ತಿಳಿ ಕಂದು ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಎಣ್ಣೆಯ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ, ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಬೇರೆ ಕಂಪನಿಯ ಸೈಲೆನ್ಸರ್ ಹಾಕಿದ ಗಾಡಿಗಳಲ್ಲಿ ಈ ಕೊನೆಯ ಬಣ್ಣವನ್ನು ನಿರೀಕ್ಷಿಸಿಯೇ ನೋಡಿ. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಟ್ಯಾಂಕಿನ ಪೆಟ್ರೋಲನ್ನೇ ಅನುಮಾನಿಸಿ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಇಂಜೆಕ್ಟರ್ ತುದಿಯಲ್ಲಿ ಕಸ ಕಟ್ಟುತ್ತದೆ. ಐದೂವರೆ ಲೀಟರಿನ ಪುಟ್ಟ ಟ್ಯಾಂಕ್ ಆದ್ದರಿಂದ ಹಳೆಯದನ್ನು ತೆಗೆಸಿ ಹೊಸದನ್ನು ಹಾಕಿಸಿ ನೋಡುವುದು ದೊಡ್ಡ ಖರ್ಚೇನಲ್ಲ.

ಏರಾಕ್ಸಿಗೆ ವಿಶೇಷವಾದದ್ದು ವಿವಿಎ, ಅಂದರೆ ವಾಲ್ವ್ ತೆರೆಯುವ ರೀತಿಯನ್ನು ಬದಲಿಸುವ ವ್ಯವಸ್ಥೆ. ಇನ್‌ಟೇಕ್ ವಾಲ್ವಿಗೆ ಎರಡು ಬಗೆಯ ಕ್ಯಾಮ್ ಇದ್ದು, ಸುಮಾರು 6,000 ಆರ್‌ಪಿಎಂ ದಾಟಿದಾಗ ಸೊಲೆನಾಯ್ಡ್ ಒಂದು ಪಿನ್ನನ್ನು ತಳ್ಳಿ ದೊಡ್ಡ ಕ್ಯಾಮಿಗೆ ಬದಲಿಸುತ್ತದೆ, ಮೀಟರಿನಲ್ಲಿ ವಿವಿಎ ಎಂಬ ಗುರುತು ಕಾಣಿಸುತ್ತದೆ. ಕೆಳಗಿನ ಆರ್‌ಪಿಎಂನಲ್ಲಿ ಗಾಡಿ ಚೆನ್ನಾಗಿ ಎಳೆದು, ಸರಿಯಾಗಿ ಆ ಹಂತದ ಮೇಲೆ ಚಪ್ಪೆಯಾದರೆ ಈ ವ್ಯವಸ್ಥೆಯನ್ನು ಪರೀಕ್ಷಿಸಬೇಕು. ಗುರುತು ಬಂದ ಮಾತ್ರಕ್ಕೆ ಪಿನ್ ಚಲಿಸಿದೆ ಎಂದು ಭಾವಿಸಬಾರದು. ಕೊಳೆತ ಎಂಜಿನ್ ಆಯಿಲ್ಲಿನಲ್ಲಿ ಪಿನ್ ಅಂಟಿಕೊಂಡಿರಬಹುದು. ಆದ್ದರಿಂದ ಆಯಿಲ್ ಬದಲಿಸಿದ ದಾಖಲೆ ಇಲ್ಲದ ಏರಾಕ್ಸನ್ನು ನಾನು ಇತರ ಸ್ಕೂಟರುಗಳಿಗಿಂತ ಹೆಚ್ಚು ಸಂಶಯದಿಂದ ನೋಡುತ್ತೇನೆ.

ಬಿಸಿಯಾದಾಗ ಸ್ಟಾರ್ಟ್ ಆಗಲು ಸತಾಯಿಸುವ, ಐಡಲಿಂಗಿನಲ್ಲಿ ತಡವರಿಸುವ ಗಾಡಿಯಲ್ಲಿ ಟ್ಯಾಪೆಟ್ ಅಂತರ ಕಿರಿದಾಗಿ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದಿರಬಹುದು. ಟ್ಯಾಪೆಟ್ ಸದ್ದು ಮಾಡಿದರೆ ಎಲ್ಲರೂ ಗಮನಿಸುತ್ತಾರೆ. ಸದ್ದೇ ಮಾಡದೆ ಬಿಗಿಯಾಗಿರುವುದು ಹೆಚ್ಚು ಅಪಾಯಕಾರಿ. ಬೇಗ ಸರಿಪಡಿಸಿದರೆ ಅರ್ಧ ದಿನದ ಕೆಲಸ, ಬಿಟ್ಟರೆ ವಾಲ್ವ್ ಸುಡುತ್ತದೆ.

ಉಳಿದದ್ದು ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವ ಕಂಪ್ರೆಷನ್ ಪರೀಕ್ಷೆ. ಎಂಜಿನ್ ಬಿಸಿ, ಬ್ಯಾಟರಿ ಪೂರ್ತಿ ಚಾರ್ಜ್, ಥ್ರಾಟಲ್ ಪೂರ್ತಿ ತೆರೆದ ಸ್ಥಿತಿ, ಈ ಮೂರೂ ಇಲ್ಲದ ಓದನ್ನು ನಂಬಬೇಡಿ. ಏರಾಕ್ಸಿಗೆ ಕಿಕ್ಕರ್ ಇಲ್ಲದ ಕಾರಣ ಬ್ಯಾಟರಿ ಸೋತಿದ್ದರೆ ಒಳ್ಳೆಯ ಎಂಜಿನ್ ಕೂಡ ಕಡಿಮೆ ತೋರಿಸುತ್ತದೆ. ಸುಲಭವಾಗಿ ಸ್ಟಾರ್ಟ್ ಆಗಲೆಂದು ಕ್ಯಾಮ್‌ಶಾಫ್ಟಿನಲ್ಲಿ ಒತ್ತಡವನ್ನು ಸ್ವಲ್ಪ ಬಿಟ್ಟುಕೊಡುವ ಡಿಕಂಪ್ರೆಷನ್ ವ್ಯವಸ್ಥೆ ಇರುವ ಎಂಜಿನ್‌ಗಳಲ್ಲಂತೂ ಗೇಜಿನ ಓದು ಸಹಜವಾಗಿಯೇ ಕಡಿಮೆ ಇರುತ್ತದೆ. ಬೇರೆ ಮಾದರಿಯ ಗಾಡಿಯ ಅಂಕಿಯೊಂದಿಗೆ ಅದನ್ನು ಹೋಲಿಸಿ ಗಾಬರಿಪಡುವ ಮೆಕ್ಯಾನಿಕ್‌ಗಳನ್ನು ನೋಡಿದ್ದೇನೆ. ಓದು ಕಡಿಮೆ ಬಂದರೆ ಪ್ಲಗ್ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಗಮನಾರ್ಹವಾಗಿ ಏರಿದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಸೌಲಭ್ಯವಿರುವ ಕಡೆ ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ನೋಡುವ ಲೀಕ್‌ಡೌನ್ ಪರೀಕ್ಷೆ ಮಾಡಿಸಿದರೆ ಇನ್ನೂ ಖಚಿತ: ಗಾಳಿ ಎಲ್ಲಿಂದ ಬುಸುಗುಡುತ್ತದೆ ಎಂಬುದೇ ಉತ್ತರ ಹೇಳುತ್ತದೆ. ಸೈಲೆನ್ಸರಿನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಬಾಡಿಯಲ್ಲಿ ಕೇಳಿಸಿದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಕೇಳಿಸಿದರೆ ರಿಂಗ್, ಕೂಲೆಂಟಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್.

ರಿಂಗಿನ ಕಡೆಗೆ ಬೆರಳು ತೋರಿದರೆ ಒಂದು ವಿಷಯ ತಿಳಿದಿರಬೇಕು. ಏರಾಕ್ಸಿನ ಡೈಆಸಿಲ್ ಸಿಲಿಂಡರ್ ಇಡಿಯಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದು, ಒಳಗೆ ಎರಕದ ಕಬ್ಬಿಣದ ಕೊಳವೆ ಇಲ್ಲ. ಹಳೆಯ ಗಾಡಿಗಳಿಗೆ ಮಾಡುತ್ತಿದ್ದಂತೆ ಬೋರ್ ಹೊಡೆಸಿ ದೊಡ್ಡ ಪಿಸ್ಟನ್ ಹಾಕುವ ದಾರಿ ಇಲ್ಲಿಲ್ಲ, ಸಿಲಿಂಡರನ್ನೇ ಬದಲಿಸಬೇಕು. ಬೋರ್ ಮಾಡಿಸಿದರೆ ಆಯ್ತು ಸಾರ್ ಎಂಬ ಸಮಾಧಾನದ ಮಾತಿಗೆ ಬೆಲೆ ಕಟ್ಟಬೇಡಿ. ಬೇರೆ ಎಂಜಿನ್ ಕೂರಿಸಿರುವ ಅನುಮಾನ ಬಂದರೆ ಆರ್‌ಸಿಯಲ್ಲಿನ ಎಂಜಿನ್ ನಂಬರನ್ನು ಕೇಸಿನ ಮೇಲಿನ ನಂಬರಿನೊಂದಿಗೆ ಅಕ್ಷರ ಬಿಡದೆ ಹೋಲಿಸಿ. ಎಂಜಿನ್ ಬದಲಾಗಿದ್ದರೆ ಅದು ಆರ್‌ಟಿಒ ಕಚೇರಿಯಲ್ಲಿ ದಾಖಲಾಗಿರಲೇಬೇಕು.

ಬೆಲ್ಟ್, ರೋಲರ್, ಕ್ಲಚ್ ಶೂ, ಫಿಲ್ಟರ್, ಪ್ಲಗ್, ಟ್ಯಾಪೆಟ್ ಇವುಗಳಲ್ಲಿ ದೋಷ ಕಂಡ ಗಾಡಿಯನ್ನು ನಾನು ಬಿಟ್ಟು ಬರುವುದಿಲ್ಲ. ಸರ್ವಿಸ್ ಸೆಂಟರಿನಿಂದ ಬಿಡಿಭಾಗಗಳ ದರ ಕೇಳಿ, ಕೂಲಿ ಸೇರಿಸಿ, ಅಷ್ಟನ್ನು ಬೆಲೆಯಲ್ಲಿ ಕಳೆಯುತ್ತೇನೆ. ವಿವಿಎ ದೋಷಕ್ಕೆ ಮಾತ್ರ ಮೊದಲು ಮಾರುವವರೇ ಆಯಿಲ್ ಬದಲಿಸಿ ಇನ್ನೊಮ್ಮೆ ತೋರಿಸಲಿ ಎನ್ನುತ್ತೇನೆ. ರಿಂಗ್, ಸುಟ್ಟ ವಾಲ್ವ್, ಗ್ಯಾಸ್ಕೆಟ್, ನೀರು ಹೊಕ್ಕ ಗುರುತು ಇವುಗಳಲ್ಲಿ ಯಾವುದಾದರೊಂದು ಕಂಡರೆ ಎಷ್ಟೇ ಬೆಲೆ ಇಳಿಸಿದರೂ ಮುಂದುವರಿಯುವುದಿಲ್ಲ, ಏಕೆಂದರೆ ಎಂಜಿನ್ ಬಿಚ್ಚಿದ ಮೇಲೆ ಬಿಲ್ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಬಿಚ್ಚುವ ಮೊದಲು ಯಾವ ಮೆಕ್ಯಾನಿಕ್ ಕೂಡ ಹೇಳಲಾರ. ಇವೆಲ್ಲ ಸರಿಯಿದ್ದರೂ ಮುಂಗಡ ಕೊಡುವ ಮುನ್ನ ಬಿಸಿ ಎಂಜಿನ್ನನ್ನು ಆಫ್ ಮಾಡಿ, ಕಾಗದಪತ್ರ ನೋಡುತ್ತಾ ಹತ್ತು ನಿಮಿಷ ಕಳೆದು, ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಆಮೇಲೆ ಸ್ಕ್ಯಾನರ್ ಇನ್ನೊಮ್ಮೆ ಚುಚ್ಚಿಸಿ.